ಮೇನ್ ಆಫ್, ಆರು ಹತ್ತು

ಗುರುತು ಹಸಿರಾಗಿಯೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಮದ್ದೂರು ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿದು, ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಕಸ್ತೂರಿರಂಗ ಇದನ್ನು ಮೂರನೆಯ ಸಲ ತನಗೆ ತಾನೇ ಹೇಳಿಕೊಂಡ. ನಿನ್ನೆ ಬೆಳಿಗ್ಗೆ ಹಸಿರು, ಅದರ ಹಿಂದಿನ ದಿನ ಹಸಿರು, ದೀಪಾವಳಿಯಿಂದ ಈ ಜೂನ್‌ವರೆಗೆ ಏಳು ತಿಂಗಳು ಒಂದು ದಿನವೂ ತಪ್ಪದೆ ಹಸಿರು. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಮಳವಳ್ಳಿ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆದು, ಮೆಷಿನ್ನು ಹಾಕಿ, ಪರದೆಯ ಮೂಲೆಯಲ್ಲಿ ಬ್ಯಾಕಪ್ಪಿನ ಆ ಗುರುತು ಕಂಡ ಮೇಲೆಯೇ ಅವನು ಕಾಫಿಗೆ ಹೋಗುತ್ತಿದ್ದದ್ದು. ಹಾಗಿದ್ದ ಮೇಲೆ ಹೆದರುವುದಕ್ಕೆ ಏನಿದೆ? ನಿನ್ನೆ ಮಧ್ಯಾಹ್ನ ಸರ್ವರಿನ ಹೊಟ್ಟೆಯೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ನಾಲ್ಕು ಸಲ ಸದ್ದಾಗಿ ಡಿಸ್ಕು ಸತ್ತುಹೋದಾಗ ಅವನ ಕೈಕೆಳಗಿನ ರೂಪ ಒಬ್ಬಳು "ಅಯ್ಯೋ" ಎಂದಳೇ ಹೊರತು ಬೇರೆ ಯಾರೂ ಗಾಬರಿಯಾಗಲಿಲ್ಲ. ಆಸ್ಪತ್ರೆ ನೋಡಿಕೊಳ್ಳುವ ಡಾಕ್ಟರ್ ಆಶ್ರಿತಾ ವಾರ್ಡಿನ ಬಾಗಿಲಿನಿಂದಲೇ, "ಬ್ಯಾಕಪ್ ಇದೆಯಲ್ಲ, ಕಸ್ತೂರಿರಂಗ ಅವರೇ ಹಾಕಿದ್ದಾರಲ್ಲ, ನಾಳೆ ವಾಪಸ್ ತಂದರಾಯಿತು" ಎಂದು ಹೇಳಿ ಒಳಗೆ ಹೋದರು. ಆ ಮಾತಿಗೆ ಅವನ ಎದೆ ಉಬ್ಬಬೇಕಿತ್ತು. ಉಬ್ಬಲಿಲ್ಲ. ಆಗಿನಿಂದ ಏನೋ ಮರೆತಂತಿದೆ, ಏನು ಎಂದು ಹುಡುಕಿದರೆ ಸಿಗುತ್ತಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನ್ನಿಸುವುದಿಲ್ಲವೇ, ಅಂಥದ್ದು.

ಬಸ್ಸು ಹೊರಟಿತು. ಕಂಡಕ್ಟರು ಬಂದು ನಿಂತರೂ ಅವನು ಪಾಸು ತೋರಿಸಲಿಲ್ಲ, ಕೈ ಜೇಬಿನಲ್ಲಿತ್ತು, ಆದರೆ ಮನಸ್ಸು ಮಂಡ್ಯದ ಮೀಟಿಂಗಿನಲ್ಲಿತ್ತು. ಟ್ರಸ್ಟಿನವು ಮೂರು ಹೆರಿಗೆ ಆಸ್ಪತ್ರೆಗಳು, ಮಂಡ್ಯದಲ್ಲಿ ದೊಡ್ಡದು, ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು. ಬಸುರಿಯರ ದಾಖಲೆಯೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಅದಕ್ಕೆ ಕಾವಲು ಬೇಕಲ್ಲ, ಹಾಗೆಂದು ಮೂರೂ ಕಡೆ ಬ್ಯಾಕಪ್ ಸಾಫ್ಟ್‌ವೇರ್ ಹಾಕಬೇಕೆಂದು ಟ್ರಸ್ಟು ತೀರ್ಮಾನಿಸಿತ್ತು. ಪ್ರತಿ ದಿನ ಒಂದು ಹೊತ್ತಿನಲ್ಲಿ ಎಲ್ಲ ದಾಖಲೆಯೂ ನಕಲಾಗಿ ಮಂಡ್ಯದಲ್ಲಿರುವ ಪೆಟ್ಟಿಗೆಗೆ ಹೋಗಿ ಕೂರಬೇಕು, ಇಲ್ಲಿನದು ಹಾಳಾದರೆ ಅಲ್ಲಿಂದ ತರಬಹುದು, ಇಷ್ಟೇ ವಿಷಯ. ಹಾಕಿಕೊಡಲು ಬಂದಿದ್ದವನು ಮಂಡ್ಯದಲ್ಲೇ ಅಂಗಡಿಯಿಟ್ಟಿದ್ದ ರಘುನಂದನ್, ಮೂವತ್ತು ದಾಟದವನು, ಅಂಗಿಯ ತೋಳು ಮಡಚಿಕೊಂಡವನು. ಮಂಡ್ಯದವರೂ ಮದ್ದೂರಿನವರೂ ತೆಪ್ಪಗೆ ಅವನಿಗೇ ಒಪ್ಪಿಸಿದರು. ಕಸ್ತೂರಿರಂಗನೂ ಒಪ್ಪಿಸುತ್ತಿದ್ದ. ಆದರೆ ಅವನು ಏನೋ ಒಂದು ಪ್ರಶ್ನೆ ಕೇಳಿದ್ದಕ್ಕೆ ರಘುನಂದನ್ ನಗುತ್ತ, "ಅಂಕಲ್, ಅದೆಲ್ಲ ನೀವು ತಲೆ ಕೆಡಿಸ್ಕೋಬೇಡಿ, ನಿಮಗೆ ಕಷ್ಟ ಆಗುತ್ತೆ" ಎಂದುಬಿಟ್ಟ. ಹದಿನೈದು ಜನ ಕೂತಿದ್ದ ಮೇಜು. ಯಾರೋ ಬಿಸ್ಕತ್ತು ಕಡಿಯುತ್ತಿದ್ದ ಸದ್ದು ನಿಂತಿತು. ಇಪ್ಪತ್ತಾರು ವರ್ಷ ಸರ್ವೀಸಾದ, ಆಫೀಸ್ ಸೂಪರಿಂಟೆಂಡೆಂಟ್ ಎಂದು ಬಾಗಿಲ ಮೇಲೆ ಹೆಸರು ಬರೆಸಿಕೊಂಡ ಕಸ್ತೂರಿರಂಗನ ಬಾಯಿಂದ, ಯಾರೋ ಹಿಂದಿನಿಂದ ನೂಕಿದ ಹಾಗೆ, ಪಕ್ಕದಲ್ಲಿದ್ದ ಆಶ್ರಿತಾ ಕಡೆಗೆ ಮಾತು ಬಂತು: "ಮಳವಳ್ಳಿಗೆ ಯಾರೂ ಬರೋದು ಬೇಡ ಮೇಡಂ. ನಮ್ಮಲ್ಲಿ ನಾವೇ ಹಾಕ್ಕೋತೀವಿ."

ಹಾಕಿಕೊಂಡದ್ದೂ ಹೌದು. ದೀಪಾವಳಿಯ ಹಿಂದಿನ ನಾಲ್ಕು ದಿನ ಅವನೂ ರೂಪಳೂ ಅದರ ಜೊತೆ ಬಂದ ಪುಸ್ತಿಕೆಯ ಒಂದೊಂದೇ ಸಾಲು ಓದುತ್ತ, ಒಂದು ಸಾಲು ತಪ್ಪಿದರೆ ಮೊದಲಿನಿಂದ ಶುರುಮಾಡುತ್ತ ಕೂತರು. ರೂಪ ಬೆಳಕವಾಡಿ ಕಡೆಯ ಗೌಡರ ಮನೆಯ ಹುಡುಗಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಯಾರೂ ಕೆಲಸ ಮಾಡದ ಹೊತ್ತನ್ನು ನಕಲಿಗೆ ಆರಿಸಿ ಎಂದು ಪುಸ್ತಿಕೆ ಹೇಳಿತ್ತು. ಯಾವ ಹೊತ್ತು ಎಂದು ಅವನು ಒಂದು ಇಡೀ ಮಧ್ಯಾಹ್ನ ಯೋಚಿಸಿದ. ಕೊನೆಗೆ ರಾತ್ರಿ ಎರಡು ಗಂಟೆ ಎಂದು ಒತ್ತಿಸಿದ. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಸ್ವಿಚ್‌ಬೋರ್ಡಿನ ಮುಂದೆ ಜೀವಮಾನ ಕಳೆದ ಅವನ ತಂದೆ, ರಾತ್ರಿ ಪಾಳಿಯಲ್ಲಿ ಎರಡು ಗಂಟೆಯಷ್ಟು ತಣ್ಣಗಿನ ಹೊತ್ತು ಇನ್ನೊಂದಿಲ್ಲ, ಊರೂರೇ ಮಲಗಿರುತ್ತದೆ, ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ, ಎನ್ನುತ್ತಿದ್ದರು. ಒಂದು ಸಲ ಕೈಯಿಂದಲೇ ನಕಲು ಓಡಿಸಿ ನೋಡಿದರು. ಹಸಿರು ಬಂತು. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕೆಂಪಸಿದ್ದಯ್ಯ ಏನು ಎತ್ತ ಎಂದು ಕೇಳದೆ ಹೋಗಿ ಕುಂಕುಮ ತಂದು ಮೆಷಿನ್ನಿಗೆ ಇಟ್ಟು ಕೈಮುಗಿದ. ಆಶ್ರಿತಾ ಚಪ್ಪಾಳೆ ತಟ್ಟಿದರು. ಮಂಡ್ಯಕ್ಕೆ ಅವನೇ ಫೋನು ಮಾಡಿ, ಯಾರೂ ಕೇಳದಿದ್ದರೂ, "ನಮ್ಮದು ಹೊರಗಿನವರ ಕೈ ಸೋಕಿಲ್ಲ" ಎಂದು ಎರಡು ಸಲ ಹೇಳಿದ. ಈಗ ಕೆ.ಎಂ. ದೊಡ್ಡಿಯಲ್ಲಿ ಬಸ್ಸು ನಿಂತು, ಯಾರೋ ಹತ್ತಿ, ಬೆಲ್ಲದ ವಾಸನೆಯೊಂದು ಒಳಗೆ ಬಂದು ಹೋದಾಗ ಆ ಎರಡನೆಯ ಸಲ ಹೇಳಿದ್ದು ನೆನಪಾಗಿ ಅವನ ಕಿವಿ ಬಿಸಿಯಾಯಿತು. ಮರೆತಂತೆ ಅನ್ನಿಸುತ್ತಿರುವುದು ಇದೇ ಇರಬಹುದೇ? ಇಲ್ಲ, ಇದು ಬೇರೆ. ಇನ್ನೊಂದು ಏನೋ ಇದೆ.

ರೂಪ ಯಾವಾಗಲೋ ಒಂದು ಸಲ ಏನೋ ಹೇಳಿದ್ದಳು. ಸಂಕ್ರಾಂತಿ ಆದ ಮೇಲೆ. ಪರದೆಗೆ ಬಗ್ಗಿ, "ಸಾರ್, ಹಸಿರೇನೋ ಅದೆ, ಆದ್ರೆ ಅದರ ಕೆಳಗಿನ ತಾರೀಕು ಅವತ್ತಿಂದೇ ಅದೆಯಲ್ಲ ಸಾರ್?" ಎಂದಿದ್ದಳು. ಅವನ ಕನ್ನಡಕ ಆಗ ರಿಪೇರಿಗೆ ಹೋಗಿತ್ತೋ, ಅಥವಾ ಇದ್ದೂ ಅವನು ನೋಡಲಿಲ್ಲವೋ. "ಅದು ಹಾಕಿದ ತಾರೀಕು ಕಣಮ್ಮ, ಶುರುವಾದ ದಿನ ತೋರಿಸುತ್ತೆ" ಎಂದಿದ್ದ. ಹಾಗೆಂದು ಅವನಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಕೇಳಿದವರಿಗೆ ಥಟ್ಟನೆ ಉತ್ತರ ಕೊಡುವುದು ಸೂಪರಿಂಟೆಂಡೆಂಟನ ಕೆಲಸ ಎಂದುಕೊಂಡಿದ್ದ, ಕೊಟ್ಟಿದ್ದ. ಅವಳು ಒಂದು ಕ್ಷಣ ಅವನ ಮುಖ ನೋಡಿ, "ಸರಿ ಬುಡಿ ಸಾರ್" ಎಂದು ತನ್ನ ಕುರ್ಚಿಗೆ ಹೋಗಿದ್ದಳು.

ಮಳವಳ್ಳಿಯಲ್ಲಿ ಇಳಿದು ಆಸ್ಪತ್ರೆಗೆ ನಡೆದು ಬರುವ ಹೊತ್ತಿಗೆ ರಘುನಂದನ್ ಆಗಲೇ ಬಂದು ಮೆಷಿನ್ನಿನ ಪಕ್ಕದ ಹಲಗೆ ಬಿಚ್ಚಿ ಕೂತಿದ್ದ. ತಾನಿಲ್ಲದೆ ಬೀಗ ತೆಗೆದವರು ಯಾರು ಎಂದು ಮೊದಲು ಸಿಟ್ಟು ಬಂತು, ಆಮೇಲೆ ತಾನೇ ನಿನ್ನೆ ಕೆಂಪಸಿದ್ದಯ್ಯನಿಗೆ ಕೀಲಿ ಕೊಟ್ಟು ಹೋದದ್ದು ನೆನಪಾಯಿತು. ಈ ಕೋಣೆ ಹಿಂದೆ ಬಟ್ಟೆ ಒಗೆದು ಇಡುವ ಉಗ್ರಾಣವಾಗಿತ್ತು, ಈಗಲೂ ಮೂಲೆಯಲ್ಲಿ ಡೆಟಾಲಿನ ವಾಸನೆ. ಕಿಟಕಿಯ ಪಕ್ಕದ ಗೋಡೆಯ ಮೇಲೆ ಹಳೆಯ ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್ಚು, ಪಕ್ಕಕ್ಕೆ ಹಿಡಿ ಇರುವಂಥದ್ದು. ಡಾಕ್ಟರಮ್ಮ ನಿಂತಿದ್ದರು, ರೂಪ ನಿಂತಿದ್ದಳು, ಕೆಂಪಸಿದ್ದಯ್ಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ. ಹೊಸ ಡಿಸ್ಕು ಹಾಕಿ, ಮಂಡ್ಯದ ಪೆಟ್ಟಿಗೆಗೆ ಸಂಪರ್ಕ ಮಾಡಿ, ರಘುನಂದನ್ ಪರದೆ ನೋಡಿದ. ಮತ್ತೆ ನೋಡಿದ. ನಂತರ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

"ಸಾರ್, ಇಲ್ಲಿ ಒಂದೇ ಕಾಪಿ ಇದೆ."

"ಒಂದು ಸಾಕಲ್ಲ. ನಿನ್ನೆಯದು ಸಿಕ್ಕರೆ ಸಾಕು," ಎಂದ ಕಸ್ತೂರಿರಂಗ.

"ನಿನ್ನೇದಲ್ಲ ಸಾರ್. ದೀಪಾವಳೀದು. ನೀವು ಹಾಕಿದ ದಿನದ್ದು. ಅದಾದ ಮೇಲೆ ಏನೂ ಬಂದೇ ಇಲ್ಲ."

"ಗುರುತು ಹಸಿರಿತ್ತು. ದಿನಾ ನೋಡ್ತಿದ್ದೆ. ಬೇಕಾದರೆ ರೂಪನ್ನ ಕೇಳಿ."

"ಹಸಿರೇ ಇರುತ್ತೆ ಸಾರ್. ಕೊನೇ ಸಲ ಮಾಡಿದ್ದು ಸರಿಯಾಗಿ ಆಗಿದೆ ಅಂತ ಅದರ ಅರ್ಥ. ಆಮೇಲೆ ಮಾಡಲೇ ಇಲ್ಲ ಅಂದ್ರೆ ಅದಕ್ಕೇನು ಗೊತ್ತು?" ಅವನು ಈ ಸಲ ಅಂಕಲ್ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಮಾಡಿಕೊಳ್ಳಲಾದರೂ ಆಗುತ್ತಿತ್ತು. "ಟೈಮು ರಾತ್ರಿ ಎರಡಕ್ಕೆ ಇಟ್ಟಿದ್ದೀರಿ. ಎರಡು ಗಂಟೆಗೆ ಮೆಷಿನ್ ಆನ್ ಇರ್ತಿತ್ತಾ?"

ರಘುನಂದನ್ ಎದ್ದು ಗೋಡೆಯ ಹತ್ತಿರ ಹೋಗಿ ಆ ಕಬ್ಬಿಣದ ಹಿಡಿಯ ಮೇಲೆ ಬೆರಳಿಟ್ಟ. ಹಿಡಿಯ ಬಣ್ಣ ಉದುರಿ, ದಿನವೂ ಕೈ ಆಡಿದ ಜಾಗ ನುಣ್ಣಗೆ ಹೊಳೆಯುತ್ತಿತ್ತು. "ಈ ಮೇನ್ ಯಾರು ಆಫ್ ಮಾಡ್ತಿದ್ದದ್ದು?" ಎಂದು ಕೇಳಿದ.

ಆಗ ಕಸ್ತೂರಿರಂಗನ ಬಲ ಅಂಗೈಗೆ ತಣ್ಣಗಾಯಿತು. ತಲೆಗಿಂತ ಮೊದಲು ಕೈಗೆ ಗೊತ್ತಾಯಿತು. ಸಂಜೆ ಆರು ಗಂಟೆ, ಕೌಂಟರು ಮುಚ್ಚಿ ರೂಪ ಹೊರಟ ಮೇಲೆ, ಇನ್ನು ರಾತ್ರಿಯ ಹೆರಿಗೆಗಳನ್ನು ನರ್ಸುಗಳು ಪುಸ್ತಕದಲ್ಲಿ ಬರೆದಿಟ್ಟು ಬೆಳಿಗ್ಗೆ ಕೊಡುವ ವಾಡಿಕೆ. ಮೆಷಿನ್ನನ್ನು ಕ್ರಮವಾಗಿ ಮುಚ್ಚಿ, ಹಿಡಿ ಕೆಳಗೆ ಎಳೆದು, ಒಂದು ಸಲ ಕಣ್ಣಿಗೊತ್ತಿಕೊಂಡು, ಕೌಂಟರಿನ ರಿಜಿಸ್ಟರಿನಲ್ಲಿ ಒಂದು ಸಾಲು ಗೀಚಿ, ಬೀಗ ಹಾಕುವುದು. ಬ್ಲಫ್‌ನ ಕ್ವಾರ್ಟರ್ಸಿನಲ್ಲಿ, ಶಿವನಸಮುದ್ರದ ವಿದ್ಯುದಾಗಾರದವರ ಆ ಮನೆಗಳಲ್ಲಿ, ಹುಟ್ಟಿದವನು ಹಾಗೆಯೇ ಬೆಳೆದ. ಮನೆ ಬಿಟ್ಟರೆ ಮೇನ್ ಆಫ್, ಊರಿಗೆ ಹೋದರೆ ಮೇನ್ ಆಫ್. ಅಡಿಗೆಮನೆಯಿಂದ ಹೊರಗೆ ಬಂದ ತಾಯಿ ತಿರುಮಲಮ್ಮ ದೀಪ ಆರಿಸಲಿಲ್ಲವೆಂದು ತಂದೆ ಎಲೆಯ ಮುಂದಿನಿಂದ ಎದ್ದು ಹೋಗಿ ಆರಿಸಿ ಬಂದು ಕೂರುತ್ತಿದ್ದರು. ಕರೆಂಟು ಉತ್ಪತ್ತಿ ಮಾಡುವ ಊರಿನವರು ಅದನ್ನು ಸುಮ್ಮನೆ ಬಿಟ್ಟು ಹೋಗುವುದಿಲ್ಲ. ಎರಡು ಗಂಟೆಯೂ ತಂದೆಯದೇ, ಮೇನ್ ಆಫೂ ತಂದೆಯದೇ. ಎರಡೂ ಅವನಿಗೆ ಚೆನ್ನಾಗಿ ಗೊತ್ತಿದ್ದವು. ಏಳು ತಿಂಗಳಲ್ಲಿ ಎರಡನ್ನೂ ಒಂದು ದಿನವಾದರೂ ಅಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಬಾಯಿ ತೆರೆದು 'ನಾನು' ಎನ್ನಬೇಕಿತ್ತು, ಎರಡೇ ಅಕ್ಷರ. ಮಂಡ್ಯದ ಮೀಟಿಂಗಿನ ಹದಿನೈದು ಮುಖಗಳು ಕಂಡವು, ಬಿಸ್ಕತ್ತು ಕಡಿಯುವ ಸದ್ದು ಕೇಳಿಸಿತು.

"ನಾನೇಯ," ಎಂದ ಕೆಂಪಸಿದ್ದಯ್ಯ ಬಾಗಿಲಿನಿಂದ. ಟೀ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಂದು ಹೆಜ್ಜೆ ಒಳಗೆ ಬಂದ. "ದಿನಾ ಸಂಜೆ ನಾನೇಯ ಆಪ್ ಮಾಡ್ತಿದ್ದುದ್ದು. ಒಂದಿನಾನೂ ತಪ್ಸಿಲ್ಲ ಕಣಮ್ಮ."

"ನಿಮಗೆ ಯಾರು ಹೇಳಿದರು?" ಆಶ್ರಿತಾ ಕೇಳಿದರು.

"ಯಾರೂ ಯೋಳಿಲ್ಲ. ಬೆಂಕಿ ಗಿಂಕಿ ಆದಾತು ಅಂತವ ನಾನೇ ಮಾಡ್ತಿದ್ದೆ."

ಆಶ್ರಿತಾ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡರು. ಏಳು ತಿಂಗಳ ಬಸುರಿಯರು, ಯಾರ ರಕ್ತ ಯಾವುದು, ಯಾರಿಗೆ ಸಕ್ಕರೆ ಇದೆ, ಯಾರ ಹಿಂದಿನ ಹೆರಿಗೆ ಯಾಕೆ ಕಷ್ಟವಾಯಿತು, ಎಲ್ಲ ಇನ್ನು ಅವರವರ ಮನೆಯ ಟ್ರಂಕಿನಲ್ಲಿರುವ ಕಾರ್ಡುಗಳಿಂದ ಹೆಕ್ಕಿ ತರಬೇಕು. ಅವರು ಕೂಗಾಡುವ ಹೆಂಗಸಲ್ಲ. ಎಲ್ಲರನ್ನೂ ನೀವು ಎನ್ನುವವರು, ಮೆಲ್ಲಗೆ, ನೀವು ಎಂದೇ ಹೇಳಿದರು: "ನಾಳೆಯಿಂದ ನೀವು ಬರೋದು ಬೇಡ ಕೆಂಪಸಿದ್ದಯ್ಯ. ಏಜೆನ್ಸಿಯವರಿಗೆ ನಾನು ಹೇಳ್ತೀನಿ." ಹನ್ನೊಂದು ವರ್ಷದಿಂದ ಇದ್ದ ಅಟೆಂಡರನನ್ನು ಹನ್ನೊಂದು ಪದಗಳೂ ಇಲ್ಲದ ಮಾತಿನಲ್ಲಿ ತೆಗೆದರು. ಕೆಂಪಸಿದ್ದಯ್ಯನಿಗೆ ಅರ್ಥವಾಯಿತೋ ಇಲ್ಲವೋ, "ಊ ಕಣಮ್ಮ" ಎಂದು ಟೀ ತಟ್ಟೆ ಎತ್ತಿಕೊಂಡು, ಎಲ್ಲರಿಗೂ ಕೊಟ್ಟು, ಕಸ್ತೂರಿರಂಗನ ಲೋಟವನ್ನು ಅವನ ಕೈಗೇ ಇಟ್ಟು ಹೋದ. ಟೀ ಆರಿಹೋಗಿತ್ತು. ಅವನು ಕುಡಿದ.

ಆಮೇಲಿನ ಹೊತ್ತು ಹೇಗೆ ಹೋಯಿತೆಂದು ಅವನನ್ನು ಕೇಳಿದರೆ ಹೇಳಲಾರ. ಕೆಲಸವಂತೂ ನಡೆಯಿತು. ರೂಪ ಹಳೆಯ ಫೋನ್ ಪುಸ್ತಕ ಹಿಡಿದು ಒಬ್ಬೊಬ್ಬ ಬಸುರಿಗೂ ಕಾರ್ಡು ತರಲು ಹೇಳುತ್ತಿದ್ದಳು. ಕೌಂಟರಿನಲ್ಲಿ ಮಂಚಮ್ಮ ಎಂಬ ಮುದುಕಿ ಸೊಸೆಯನ್ನು ಹಿಂದಿಟ್ಟುಕೊಂಡು, "ಏನ್ ಸಾ, ನಮ್ ಸೊಸೆ ಎಸ್ರ ನಿಮ್ ಕಂಪೂಟ್ರು ನುಂಗಾಕ್ಬುಡ್ತಂತೆ? ಒಟ್ಟೇಲಿರೋ ಮಗನಾದ್ರೂ ಅದೆಯಾ, ಅದ್ನೂ ನುಂಗ್ತಾ?" ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ಅವನೂ ನಕ್ಕ, ನಕ್ಕ ಮೇಲೆ ನಗಬಾರದಿತ್ತು ಎನ್ನಿಸಿತು. ಇಷ್ಟರ ಮಧ್ಯೆ ಅವನ ತಲೆ ಬೇರೆಯೇ ಒಂದು ಲೆಕ್ಕ ಹಾಕುತ್ತಿತ್ತು. ಕೆಂಪಸಿದ್ದಯ್ಯ ದಿನಾ ನಾನೇ ಎಂದನಲ್ಲ, ಸುಳ್ಳು ಹೇಳುವವನಲ್ಲ ಅವನು. ತಾನು ಆಫ್ ಮಾಡಿದ ಮೇಲೆ ಅವನು ಆಫ್ ಮಾಡುವುದಕ್ಕೆ ಉಳಿಯುತ್ತಿದ್ದದ್ದಾದರೂ ಏನು? ಹಾಗಾದರೆ ಎಷ್ಟೋ ದಿನ ತಾನು ಮರೆತು ಹೋಗಿರಬೇಕು, ಅವನು ಬಂದು ಮಾಡಿರಬೇಕು. ಬಸ್ಸಿಗೆ ಹೊತ್ತಾಯಿತೆಂದು ಓಡಿದ ದಿನಗಳಿಲ್ಲವೇ? ತಂಗಿಯ ಮಗಳ ಮದುವೆಗೆ ಮಧ್ಯಾಹ್ನವೇ ಹೋದದ್ದಿಲ್ಲವೇ? ಆವತ್ತೆಲ್ಲ ಯಾರು ಮಾಡಿದರು? ಅಂದಮೇಲೆ ಅವನು ಹೇಳಿದ್ದರಲ್ಲಿ ಎಳ್ಳಷ್ಟಾದರೂ ನಿಜವಿದೆ. ಎಳ್ಳಷ್ಟು ನಿಜವಿದ್ದರೆ ತಾನು ಸುಮ್ಮನಿದ್ದದ್ದು ಪೂರಾ ಸುಳ್ಳಾಗುವುದಿಲ್ಲ. ಹೀಗೆ ಒಂದು ಗಂಟೆ ಹಗುರವಾಗಿರುತ್ತಿದ್ದ. ಮತ್ತೆ ಅಂಗೈ ತಣ್ಣಗಾಗುತ್ತಿತ್ತು.

ಊಟದ ಹೊತ್ತಿನಲ್ಲಿ ರೂಪ ತನ್ನ ಡಬ್ಬಿ ತೆಗೆಯದೆ ಅವನ ಮೇಜಿನ ಎದುರು ಬಂದು ನಿಂತಳು.

"ಸಾರ್, ಕೆಂಪಸಿದ್ದಯ್ಯಂಗೆ ಮೆಷಿನ್ ಶಟ್‌ಡೌನ್ ಮಾಡಕ್ಕೆ ಬತ್ತದಾ ಸಾರ್?"

"ಯಾಕಮ್ಮ?"

"ಏನಿಲ್ಲ. ಶಟ್‌ಡೌನ್ ಮಾಡ್ದೆ ಮೇನ್ ಎಳ್ದಿದ್ರೆ ಯುಪಿಎಸ್ಸು ಬ್ಯಾಟ್ರಿ ಮುಗಿಯೋವರ್ಗೂ ಕುಯ್ಯೋ ಅಂತಿರ್ತಿತ್ತು. ನರ್ಸ್‌ಗಳು ಸುಮ್ನೆ ಇರ್ತಿದ್ರಾ? ಅದ್ಕೇ ಕೇಳ್ದೆ."

"ಕರೆಂಟಿನ ವಿಷಯ ಹಾಗೆಲ್ಲ ಹೇಳಕ್ಕಾಗಲ್ಲ," ಎಂದ. ಇದೂ ಥಟ್ಟನೆ ಬಂದ ಉತ್ತರ. ರೂಪ ಅವತ್ತಿನ ಹಾಗೆಯೇ ಒಂದು ಕ್ಷಣ ಅವನ ಮುಖ ನೋಡಿದಳು. ಈ ಸಲ "ಸರಿ ಬುಡಿ ಸಾರ್" ಎನ್ನಲಿಲ್ಲ. ಡಬ್ಬಿ ಎತ್ತಿಕೊಂಡು ನರ್ಸುಗಳ ಕೋಣೆಗೆ ಊಟಕ್ಕೆ ಹೋದಳು. ಅವಳು ಅಲ್ಲಿ ಹೇಳಿಬಿಡುತ್ತಾಳೆ ಎಂದು ಅವನು ಕಾದ. ಹೇಳಿದರೆ ಒಳ್ಳೆಯದು, ತನಗೆ ಹೇಳುವುದು ತಪ್ಪುತ್ತದೆ ಎಂದೂ ಅನ್ನಿಸಿತು. ಮೊಸರನ್ನದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟ. ಎರಡು ಗಂಟೆಗೆ ಅವಳು ಬಂದಳು, ಮತ್ತೆ ಫೋನು ಹಿಡಿದಳು. ಅವಳು ಹೇಳಿರಲಿಲ್ಲ. ಹೇಳಬೇಕಾದವರು ಯಾರು ಎಂದು ಅವಳಿಗೆ ಗೊತ್ತಿತ್ತು.

ಸಂಜೆಯ ಹೊತ್ತಿಗೆ ರಘುನಂದನ್ ಹೊಸದಾಗಿ ಎಲ್ಲ ಹಾಕಿ, ಗೋಡೆಯ ಆ ಹಿಡಿಯ ಮೇಲೆ ಕೆಂಪು ಅಕ್ಷರದಲ್ಲಿ 'ಆಫ್ ಮಾಡಬಾರದು' ಎಂಬ ಚೀಟಿ ಅಂಟಿಸಿ, ಗಾಡಿ ಹತ್ತಿ ಹೋದ. ಹೋಗುವಾಗ, "ಟೆನ್ಷನ್ ಮಾಡ್ಕೋಬೇಡಿ ಸಾರ್, ಬೇರೆ ಕಡೇನೂ ಹಿಂಗಾಗಿರೋದು ನೋಡಿದೀನಿ, ಮೇನ್ ಆಫ್ ಮಾಡೋ ಅಟೆಂಡರ್‌ಗಳು ಎಲ್ಲಾ ಕಡೆ ಇರ್ತಾರೆ" ಎಂದ. ಒಳ್ಳೆಯ ಹುಡುಗನೇ. ಆರು ಗಂಟೆಗೆ ರೂಪ ಹೊರಟಳು. ಕಸ್ತೂರಿರಂಗ ಕೋಣೆಯ ನಡುವೆ ಒಬ್ಬನೇ ನಿಂತ. ಆರು ಐದು. ಆರು ಎಂಟು. ಮೆಷಿನ್ನು ಗುಂಯ್ ಎನ್ನುತ್ತಿತ್ತು, ಪುಟ್ಟ ದೀಪಗಳು ಮಿಣುಕುತ್ತಿದ್ದವು. ಉರಿಯುತ್ತಿರುವುದನ್ನು ಹಾಗೇ ಬಿಟ್ಟು ಹೋಗುವುದಕ್ಕೆ ಕಾಲು ಏಳುತ್ತಿಲ್ಲ. ಆರು ಹತ್ತಕ್ಕೆ ನೋಡಿದರೆ ಅವನ ಬಲಗೈ ಆ ಚೀಟಿಯ ಮೇಲಿತ್ತು. ಯಾವಾಗ ಹೋಯಿತೆಂದು ಗೊತ್ತಿಲ್ಲ. ಸುಟ್ಟವನ ಹಾಗೆ ಕೈ ಕಿತ್ತುಕೊಂಡು, ಬೀಗ ಹಾಕಿ, ಯಾರ ಮುಖವನ್ನೂ ನೋಡದೆ ಹೊರಗೆ ಬಂದ. ಎಷ್ಟೋ ದಿನ ಮರೆತಿರಬೇಕು ಎಂದು ಮಧ್ಯಾಹ್ನವೆಲ್ಲ ಕಟ್ಟಿಕೊಂಡ ವಾದ ಆ ಬಾಗಿಲಲ್ಲೇ ಬಿದ್ದುಹೋಯಿತು. ಮರೆಯುವ ಕೈಯಲ್ಲ ಇದು.

ಬಸ್ ನಿಲ್ದಾಣದಲ್ಲಿ ಮದ್ದೂರಿನ ಬಸ್ಸು ನಿಂತಿತ್ತು. ಪಕ್ಕದಲ್ಲೇ ಬೆಳಕವಾಡಿ, ಬ್ಲಫ್ ಎಂದು ಬೋರ್ಡು ಹಾಕಿದ ಬಸ್ಸೂ ನಿಂತಿತ್ತು. ಒಂದು ಗಳಿಗೆ ಯಾವುದಕ್ಕೆ ಹತ್ತಬೇಕೆಂದು ತಿಳಿಯದೆ ನಿಂತು, ಮದ್ದೂರಿನದಕ್ಕೆ ಹತ್ತಿ ಕೂತ. ಹತ್ತು ವರ್ಷದವನಾಗಿದ್ದಾಗ ತಂದೆ ಒಮ್ಮೆ ಅವನನ್ನು ಕೆಲಸದ ಜಾಗಕ್ಕೆ ಕರೆದೊಯ್ದಿದ್ದರು. ನೆಲ ಅಂಗಾಲಿನಲ್ಲಿ ನಡುಗುತ್ತಿತ್ತು. ದೊಡ್ಡ ಬೋರ್ಡಿನ ಮುಂದೆ ಇಳಿಜಾರು ಮೇಜು, ಅದರ ಮೇಲೆ ದಪ್ಪ ಪುಸ್ತಕ. ತಂದೆ ಯಾವುದೋ ಹಿಡಿ ಎಳೆಯುವ ಮುಂಚೆ ಗಡಿಯಾರ ನೋಡಿ, ಹೊತ್ತು ಬರೆದು, ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದು, ಆಮೇಲೆ ಎದ್ದು ಹೋಗಿ ಎಳೆದರು. ಮೊದಲು ಎಳೆದು ಆಮೇಲೆ ಬರೆದರೆ ಏನಾಗುತ್ತದೆ ಎಂದು ಅವನು ಕೇಳಿದ್ದ. "ಎಳೆದ ಮೇಲೆ ಏನಾದರೂ ಎಡವಟ್ಟಾದರೆ, ಹೆಸರು ಬರೆಯೋದಕ್ಕೆ ಕೈ ಬರೋಲ್ಲ ಮಗು" ಎಂದಿದ್ದರು. ಆಗ ಅವನಿಗೆ ಅದು ತಮಾಷೆಯಾಗಿ ಕೇಳಿ ನಕ್ಕಿದ್ದ.

"ಸಾ! ಸಾ!" ಕಿಟಕಿಯ ಕೆಳಗೆ ಕೆಂಪಸಿದ್ದಯ್ಯ ನಿಂತಿದ್ದ, ಏದುಸಿರು ಬಿಡುತ್ತ. ಒಂದು ಕಂಕುಳಲ್ಲಿ ಅವನ ಬಟ್ಟೆಯ ಗಂಟು, ಆಸ್ಪತ್ರೆಯಲ್ಲಿಟ್ಟಿದ್ದ ಲೋಟ ತಟ್ಟೆ ಎಲ್ಲ ಕಟ್ಟಿಕೊಂಡು ಬಂದಂತಿತ್ತು. ಇನ್ನೊಂದು ಕೈಯಲ್ಲಿ ನೀಲಿ ರಟ್ಟಿನ ಉದ್ದನೆಯ ರಿಜಿಸ್ಟರು. "ಬುಕ್ಕು ಮರ್ತೇ ಬಂದುಬುಟ್ರಲ್ಲ ಸಾ. ದಿನಾ ಬೀಗ ಆಕೋ ಮುಂಚೆ ಇದ್ರಲ್ಲಿ ಗೀಚ್ತಿದ್ರಿ, ಇವತ್ತು ಗೀಚ್ಲಿಲ್ಲ. ಕೌಂಟ್ರು ಮೇಜಿನ್ ಮೇಲೇ ಇತ್ತು. ನಾಳಿಕೆ ನಾನ್ ಇರಾಕಿಲ್ಲ, ಯಾರಾನ ಎತ್ಕಂಡೋದ್ರೆ ಅಂತವ ತಂದೆ."

ಕಸ್ತೂರಿರಂಗ ಕಿಟಕಿಯ ಕಂಬಿಗಳ ನಡುವೆ ಅದನ್ನು ಒಳಗೆಳೆದುಕೊಂಡ. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ, ಆದರೂ ಬಿಚ್ಚಿದ. ಪುಟದ ಮೇಲೆ ಪುಟ, ಅವನದೇ ದುಂಡು ಅಕ್ಷರ. ಬೆಳಿಗ್ಗೆಯ ಸಾಲು, ಬ್ಯಾಕಪ್ ಸರಿಯಿದೆ. ಸಂಜೆಯ ಸಾಲು, ಮೇನ್ ಆಫ್, ಆರು ಹತ್ತು, ಕ.ರಂ. ಮರುದಿನ ಬೆಳಿಗ್ಗೆ, ಸರಿಯಿದೆ. ಸಂಜೆ, ಮೇನ್ ಆಫ್, ಆರು ಹದಿನೈದು, ಕ.ರಂ. ಮದುವೆಗೆ ಹೋದ ದಿನವೂ ಇತ್ತು, ಮೇನ್ ಆಫ್, ಮಧ್ಯಾಹ್ನ ಒಂದು ಗಂಟೆ, ರೂಪಳಿಗೆ ತಿಳಿಸಿದೆ, ಕ.ರಂ. ಹೋಗಿ ಬರುವವರೆಲ್ಲ ನೋಡಬಹುದಾದ ಮೇಜಿನ ಮೇಲೆ ಏಳು ತಿಂಗಳು ಇದು ಬಿದ್ದಿತ್ತು. ಯಾರೂ ತೆರೆಯಲಿಲ್ಲ, ಬರೆದವನೂ ಓದಲಿಲ್ಲ.

"ಕೆಂಪಸಿದ್ದಯ್ಯ," ಎಂದ. "ಮೇನ್ ನಾನು ಆಫ್ ಮಾಡಿ ಹೋಗ್ತಿದ್ದೆ ಅಲ್ವಾ?"

"ಊ ಮತ್ತೆ. ನೀವೇಯ. ನೀವ್ ಓದ್ಮೇಕೆ ನಾನು ಗಸ್ತು ತಿರುಗ್ವಾಗ ಕಿಟಕೀಲಿ ಕೈ ಆಕಿ ಒಂದ್ಸಾರಿ ಮುಟ್ಟಿ ನೋಡ್ತಿದ್ದೆ. ಕೆಳಕ್ಕೇ ಇರದು."

"ಮತ್ತೆ ಬೆಳಿಗ್ಗೆ ನಾನೇ ಅಂದೆಯಲ್ಲ, ಯಾಕೆ ಹಾಗಂದೆ?"

ಕೆಂಪಸಿದ್ದಯ್ಯ ಗಂಟನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿದ. ಇದರಲ್ಲಿ ಕೇಳುವಂಥದ್ದೇನಿದೆ ಎನ್ನುವ ಹಾಗೆ ಅವನ ಮುಖವಿತ್ತು. "ಯಾರು ಅಂತ ಕೇಳುದ್ರು. ನೀವು ಸುಮ್ಕೆ ನಿಂತಿದ್ರಿ. ಡಾಕ್ಟ್ರಮ್ಮ ಬಾಯೇ ನೋಡ್ತಾವ್ರೆ. ಯಾರಾರ ಒಬ್ರು ಏನಾರ ಯೋಳ್ಬೇಕಲ್ಲ ಸಾ, ಅದ್ಕೆ ಯೋಳ್ದೆ," ಎಂದ.

ಡ್ರೈವರು ಹತ್ತಿ ಬಸ್ಸು ಶುರುಮಾಡಿದ. ಮುಂದಿನ ಸೀಟಿನ ಕಂಬಿ ನಡುಗತೊಡಗಿತು. ಚೀಲದೊಳಕ್ಕೆ ರಿಜಿಸ್ಟರು ಸೇರಿಸಿಬಿಟ್ಟರೆ ಮದ್ದೂರು, ಮನೆ, ಒಲೆ. ಅಲ್ಲಿಗೆ ಮುಗಿಯಿತು, ಇನ್ನು ಯಾರೂ ಕೇಳುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ತನ್ನದಲ್ಲವೇನೋ ಎನ್ನಿಸಿ ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನಿದ್ದೆಗೆ ತೂಗುತ್ತಿದ್ದ. ಯಾವ ತೀರ್ಮಾನವನ್ನೂ ಅವನು ಮಾಡಿದಂತೆ ನೆನಪಿಲ್ಲ. ಕಂಡಕ್ಟರು "ಸ್ವಾಮಿ, ಓಗಾಗ್ ಇಳಿಯಾದಾ? ಮೊದ್ಲೇ ಯೋಳಾದಲ್ವಾ?" ಎಂದು ಬೈದದ್ದು ಮಾತ್ರ ನೆನಪಿದೆ, ಊಟದ ಚೀಲ ಬಸ್ಸಿನಲ್ಲೇ ಉಳಿದದ್ದು ಆಮೇಲೆ ಗೊತ್ತಾಯಿತು.

ಆಶ್ರಿತಾ ಕೊನೆಯ ಬಸುರಿಯನ್ನು ನೋಡಿ ಕಳಿಸಿ ಕೈ ತೊಳೆಯುತ್ತಿದ್ದರು. ಅವನು ರಿಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿಟ್ಟು ನಿಂತ. ಅವರು ಒರೆಸಿಕೊಂಡ ಕೈಯಲ್ಲಿ ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಆಮೇಲೆ ಹಿಂದಕ್ಕೆ ದೀಪಾವಳಿಯವರೆಗೆ ಹೋದರು. ಹೊರಗೆ ಯಾವುದೋ ಕೂಸು ಅಳುತ್ತಿತ್ತು.

"ಇದೆಲ್ಲ ನಿಮ್ಮದೇ ರುಜು."

"ಹೌದು ಮೇಡಂ."

"ಕೆಂಪಸಿದ್ದಯ್ಯನದು ಎಲ್ಲೂ ಇಲ್ಲ."

"ಅವನಿಗೆ ಬರೆಯೋಕೆ ಬರಲ್ಲ ಮೇಡಂ," ಎಂದುಬಿಟ್ಟ. ಇಲ್ಲಿಗೆ ಬಂದು ನಿಂತ ಮೇಲೂ ನಾಲಗೆ ಹೀಗೆ ಜಾರಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು. "ಅದಕ್ಕಲ್ಲ. ಅವನು ಮಾಡಿಲ್ಲ, ಅದಕ್ಕೇ ಇಲ್ಲ. ಮಾಡಿದವನು ನಾನು. ದಿನಾ ನಾನೇ."

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

ಇದಕ್ಕೆ ಮಾತ್ರ ಥಟ್ಟನೆ ಉತ್ತರ ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಗಡಿಯಾರ ನೋಡಿ, ಇವತ್ತಿನ ಖಾಲಿ ಸಾಲಿನಲ್ಲಿ ಆರು ಐವತ್ತು ಎಂದು ಬರೆದ. ಮೇನ್ ಇಷ್ಟು ದಿನ ಆಫ್ ಮಾಡಿದವನು ನಾನು ಎಂದು ಬರೆದ. ಕ.ರಂ. ಎಂದು ಕೈ ಓಡಿತು, ನಿಲ್ಲಿಸಿ ಅದನ್ನು ಹೊಡೆದುಹಾಕಿ ಕಸ್ತೂರಿರಂಗ ಎಂದು ಪೂರ್ತಿಯಾಗಿ ಬರೆದ. ಅಕ್ಷರ ದುಂಡಗೆ ಬರಲಿಲ್ಲ. ಆಶ್ರಿತಾ ಅದನ್ನು ಓದಿ, ರಿಜಿಸ್ಟರು ಮುಚ್ಚಿ, "ಅವರಿಗೆ ನಾಳೆ ಬರೋಕೆ ಹೇಳಿ. ನೀವು..." ಎಂದು ನಿಲ್ಲಿಸಿದರು. "ನಿಮ್ಮದು ಮಂಡ್ಯದಲ್ಲಿ ಕೇಳಬೇಕು."

ಗೇಟಿನ ಹತ್ತಿರ ಕೆಂಪಸಿದ್ದಯ್ಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಇವನನ್ನು ಕಂಡು ಎದ್ದ.

"ಗೀಚುದ್ರಾ ಸಾ?"

"ಗೀಚಿದೆ. ನಾಳೆ ನೀನು ಬರಬೇಕಂತೆ."

"ಬತ್ತೀನಿ ಬುಡಿ. ನೀವು?"

ಕಸ್ತೂರಿರಂಗ ತಿರುಗಿ ನೋಡಿದ. ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಪುಟ್ಟ ಹಸಿರು ದೀಪವೊಂದು ಉರಿಯುತ್ತಿತ್ತು. ಅದನ್ನು ಹಾಗೇ ಉರಿಯಲು ಬಿಟ್ಟು, ಖಾಲಿ ಕೈ ಬೀಸಿಕೊಂಡು, ಅವನು ಬಸ್ ನಿಲ್ದಾಣದ ಕಡೆ ನಡೆದ.